ನರಿಯನ್ನು ಕೇಳಿ ಕಟ್ಟಬೇಕಾದ ಗೂಡು

(ಹಿತ್ತಲಲ್ಲಿ ಕೋಳಿ ಸಾಕುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿಕೊಂಡಿದ್ದೇನೆ.)

ಮಾತು ಶುರು ಮಾಡುವ ಮೊದಲು ಈ ತುಂಡನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ನೋಡಿ ಹಿಂದಕ್ಕೆ ದಾಟಿಸಿ. ಅಂಚು ಚುಚ್ಚುತ್ತದೆ, ಜೋಪಾನ. ಇದು ನಮ್ಮ ಹಳೆಯ ಕೋಳಿಗೂಡಿನದು. ಆರು ಮೂಲೆಯ ಕಣ್ಣುಗಳಿರುವ, ಎಲ್ಲರೂ ಚಿಕನ್ ಮೆಷ್ ಎನ್ನುವ ಜಾಲರಿ. ನಡುವೆ ಎರಡು ಮುಷ್ಟಿ ತೂರುವಷ್ಟು ದೊಡ್ಡ ತೂತು ಕಾಣುತ್ತದಲ್ಲ, ಅದನ್ನು ಕತ್ತರಿಸಿದ್ದು ನಾನಲ್ಲ. ಒಂದು ರಾತ್ರಿ ನಾಯಿಗಳು ಹಲ್ಲಿನಿಂದ ಕಚ್ಚಿ ಎಳೆದ ಗುರುತು ಅದು. ಸರಿಯಾಗಿ ನೋಡಿದರೆ ತಂತಿ ತುಂಡಾಗಿರುವುದು ಮೂರ್ನಾಲ್ಕು ಕಡೆ ಮಾತ್ರ. ಉಳಿದದ್ದೆಲ್ಲ ಸ್ವೆಟರಿನ ನೂಲು ಬಿಚ್ಚಿದ ಹಾಗೆ ಬಿಚ್ಚಿಕೊಂಡಿದೆ. ಈ ಜಾಲರಿಯ ಹೆಣಿಗೆಯೇ ಹಾಗೆ, ಒಂದು ತಿರುವು ಸಡಿಲವಾದರೆ ಪಕ್ಕದ್ದೂ ಸಡಿಲ.

ಆ ರಾತ್ರಿ ಎಂಟು ಕೋಳಿಗಳಲ್ಲಿ ಏಳು ಹೋದವು. ಉಳಿದದ್ದು ಒಂದು ಬೂದು ಹೇಂಟೆ. ಬೆಳಿಗ್ಗೆ ನಾನು ಹೋದಾಗ ಕೋಲಿನ ಮೇಲೆ ತನ್ನ ಎಂದಿನ ಜಾಗದಲ್ಲಿ, ಎಂದಿನಂತೆ ಗೋಡೆಗೆ ಒತ್ತಿಕೊಂಡು ಕೂತಿತ್ತು. ಅದರ ಎಡಕ್ಕೆ ಕೋಲು ಪೂರ್ತಿ ಖಾಲಿ. ಕಾಳು ಎರಚಿದರೂ ಇಳಿಯಲಿಲ್ಲ, ಮಧ್ಯಾಹ್ನದವರೆಗೂ ಇಳಿಯಲಿಲ್ಲ. ನಾನು ಮಾತ್ರ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಹಾಗೆ, ಅದೇ ಹರಿದ ಜಾಲರಿಯ ಮೇಲೆ ಇನ್ನೊಂದು ಸುತ್ತು ಅದೇ ಜಾಲರಿಯನ್ನು ಬಿಗಿದು ಕೂತೆ. ಅದರಿಂದ ಏನು ಪ್ರಯೋಜನವಾಯಿತು ಎಂದು ಮುಂದೆ ಹೇಳುತ್ತೇನೆ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಿಮಗೆಲ್ಲ ಗೊತ್ತು. ಗೂಡು ಕಟ್ಟುವಾಗ ಮಾತ್ರ ನಾವು ಕೋಳಿಯನ್ನೇ ಕೇಳುತ್ತೇವೆ. ಕೂರಲು ಕೋಲು ಬೇಕೇ, ಮೊಟ್ಟೆಯಿಡಲು ಮರೆ ಬೇಕೇ, ಕೆರೆದಾಡಲು ಮಣ್ಣು ಬೇಕೇ ಎಂದು. ಒಳ್ಳೆಯ ಪ್ರಶ್ನೆಗಳೇ. ಆದರೆ ಗೋಡೆ, ಬಾಗಿಲು, ನೆಲ ಈ ಮೂರರ ವಿಚಾರದಲ್ಲಿ ಕೇಳಬೇಕಾದದ್ದು ನರಿಯನ್ನು. ನೀನು ಎಲ್ಲಿಂದ ಬರುತ್ತೀಯ, ಎಷ್ಟು ಹೊತ್ತು ಕೆರೆಯುತ್ತೀಯ, ನಿನ್ನ ತಲೆ ಎಷ್ಟು ದಪ್ಪ? ಚಿಕನ್ ಮೆಷ್ ಕೋಳಿಯನ್ನು ಕೇಳಿ ಮಾಡಿದ ಜಾಲರಿ. ಕೋಳಿ ಹೊರಗೆ ಹೋಗದಂತೆ ತಡೆಯುವುದು ಅದರ ಕೆಲಸ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಇನ್ನೊಬ್ಬರು ಒಳಗೆ ಬರುವುದನ್ನು ತಡೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮೊದಲು ರಾತ್ರಿಯ ಕೋಳಿಯನ್ನು ಅರ್ಥ ಮಾಡಿಕೊಳ್ಳೋಣ. ಹಗಲಿನಲ್ಲಿ ಬಣ್ಣ ಗುರುತಿಸುವುದರಲ್ಲಿ ಕೋಳಿಯ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮಲ್ಲಿ 3 ಬಗೆ, ಕೋಳಿಯಲ್ಲಿ 4 ಬಗೆ, ಜೊತೆಗೆ ಜೋಡಿ ಶಂಕುಗಳು ಬೇರೆ. ಆಕಾಶದಲ್ಲಿ ಸುಳಿಯುವ ಗಿಡುಗವನ್ನು ಬಹಳ ಸಲ ನಮಗಿಂತ ಮೊದಲು ಕೋಳಿ ನೋಡಿರುತ್ತದೆ. ಆದರೆ ಕತ್ತಲಾದ ಮೇಲೆ ಅದೇ ಕಣ್ಣು ಹೆಚ್ಚುಕಡಿಮೆ ಕುರುಡು. ಅದರ ಪೂರ್ವಜನಾದ ಕೆಂಪು ಕಾಡುಕೋಳಿ ಈ ಕೊರತೆಗೆ ಕಂಡುಕೊಂಡ ಉಪಾಯ ಮರ ಹತ್ತುವುದು. ಸಂಜೆಯಾದರೆ ಎತ್ತರದ ಕೊಂಬೆ, ಬೆಳಗಾಗುವವರೆಗೆ ಅಲುಗಾಡದೆ ಕೂರುವುದು. ನಮ್ಮ ಹಿತ್ತಲ ಕೋಳಿಯೂ ಅದನ್ನೇ ಮಾಡುತ್ತದೆ. ರಾತ್ರಿ ಗೂಡಿಗೆ ಕೈ ಹಾಕಿ ಎತ್ತಿಕೊಂಡರೆ ಹಗಲಲ್ಲಿ ಹಿತ್ತಲಿಡೀ ಓಡಿಸಿದ ಹುಂಜವೂ ಹಣ್ಣು ಕಿತ್ತಷ್ಟು ಸುಲಭವಾಗಿ ಕೈಗೆ ಬರುತ್ತದೆ. ಕಾಡಿನಲ್ಲಿ ಅಲುಗಾಡದಿರುವುದು ರಕ್ಷಣೆ, ಏಕೆಂದರೆ ಕೊಂಬೆ ಎತ್ತರದಲ್ಲಿರುತ್ತದೆ. ನಾವು ಕೊಂಬೆಯನ್ನು ತಂದು ಮೊಣಕಾಲೆತ್ತರದಲ್ಲಿ, ನಾಲ್ಕು ಗೋಡೆಯ ನಡುವೆ ಇಟ್ಟಿದ್ದೇವೆ. ಓಡಲು ಜಾಗವಿಲ್ಲ, ಕಾಣಲು ಕಣ್ಣಿಲ್ಲ. ಒಳಗೆ ನುಗ್ಗಿದವನಿಗೆ ಅದಕ್ಕಿಂತ ಅನುಕೂಲದ ಜಾಗ ಬೇರೆ ಯಾವುದಿದೆ?

ಇಲ್ಲಿಯೇ ಬಹಳ ಜನ ಕೇಳುವ ಒಂದು ಪ್ರಶ್ನೆ ಬರುತ್ತದೆ. ಹಸಿದ ಪ್ರಾಣಿ ಒಂದನ್ನು ತಿನ್ನಲಿ ಬಿಡಿ, ಹತ್ತನ್ನು ಕೊಂದು ಹಾಕಿ ಹೋಗುವುದು ಯಾವ ನ್ಯಾಯ? ಅದು ಕ್ರೂರ ಪ್ರಾಣಿ, ರಕ್ತದ ರುಚಿ ಹತ್ತಿದ ಪ್ರಾಣಿ ಎನ್ನುತ್ತೇವೆ. ಹಾನ್ಸ್ ಕ್ರೂಕ್ ಎಂಬ ಪ್ರಾಣಿಶಾಸ್ತ್ರಜ್ಞ 1972ರಲ್ಲಿ ಇದೇ ವಿಷಯದ ಮೇಲೆ ಬರೆದ. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಗಲ್ ಹಕ್ಕಿಗಳನ್ನು ನರಿಗಳು ಕಗ್ಗತ್ತಲ ರಾತ್ರಿಗಳಲ್ಲಿ ರಾಶಿ ರಾಶಿಯಾಗಿ ಕೊಂದು, ತಿನ್ನದೆ ಬಿಟ್ಟುಹೋಗುತ್ತಿದ್ದವು. ಅಂಥ ರಾತ್ರಿಗಳಲ್ಲಿ ಹಕ್ಕಿಗಳು ಹಾರದೆ ಕೂತಲ್ಲೇ ಕೂತಿರುತ್ತಿದ್ದವು ಎಂಬುದು ಅವನ ಗಮನಕ್ಕೆ ಬಂತು. ಸಾಮಾನ್ಯ ಬೇಟೆಯಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಪರಾರಿಯಾಗಿರುತ್ತವೆ. ಬೇಟೆ ನಿಲ್ಲುವುದು ನರಿಯ ಹೊಟ್ಟೆ ತುಂಬಿದ್ದಕ್ಕಲ್ಲ, ಎದುರಿಗೆ ಇನ್ನೇನೂ ಉಳಿಯದ್ದಕ್ಕೆ. ಗೂಡಿನೊಳಗೆ ಎದುರಿಗೆ ಉಳಿದೇ ಇರುತ್ತವೆ, ಒಂದು ರೆಕ್ಕೆ ಬಡಿಯುತ್ತದೆ, ಇನ್ನೊಂದು ಕೂಗುತ್ತದೆ, ನರಿ ಮತ್ತೆ ಬಾಯಿ ಹಾಕುತ್ತದೆ. ಇದನ್ನು ಓದಿದ ಮೇಲೆ ನನಗೆ ನರಿಯ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ನನ್ನ ಗೂಡಿನ ಕಡೆಗೆ ತಿರುಗಿತು.

ಇನ್ನು ಬಂದವರು ಯಾರು ಎಂದು ತಿಳಿಯುವ ಬಗೆ. ಈ ಭಾಗಕ್ಕೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಬಂದದ್ದು ಮುಂಗುಸಿಯಾಗಿದ್ದು ನೀವು ನಾಯಿಗೆಂದು ಬೇಲಿ ಹಾಕಿದರೆ ಆ ಬೇಲಿ ಮುಂಗುಸಿಯನ್ನು ತಡೆಯುವುದಿಲ್ಲ.

ಬೆಳಿಗ್ಗೆ ಗೂಡಿಗೆ ಹೋದವರು ಮೊದಲು ಏನನ್ನೂ ಗುಡಿಸಬೇಡಿ. ನೋಡಿ. ಕೋಳಿಯೇ ಕಾಣೆಯಾಗಿದೆ, ಅಲ್ಲೊಂದು ಇಲ್ಲೊಂದು ಪುಕ್ಕ ಮಾತ್ರ ಇದೆ ಎಂದರೆ ಹೊತ್ತೊಯ್ಯುವ ಶಕ್ತಿಯಿರುವ ಪ್ರಾಣಿ, ನರಿ, ಗುಳ್ಳೆನರಿ, ಕಾಡುಬೆಕ್ಕಿನಂಥವು. ಕೋಳಿಗಳೆಲ್ಲ ಅಲ್ಲಲ್ಲೇ ಸತ್ತು ಬಿದ್ದಿವೆ, ಮೈಯೆಲ್ಲ ಜಗಿದ ಗುರುತು, ತಿಂದದ್ದು ಮಾತ್ರ ಏನೂ ಇಲ್ಲ ಎಂದರೆ ನಾಯಿ. ನಾಯಿಗೆ ಅದು ಊಟವಲ್ಲ, ಆಟ. ಒಂದೇ ಕಡೆ ದುಂಡಗೆ ಪುಕ್ಕ ಕಿತ್ತು ಹರಡಿದೆ, ಎದೆಯ ಮಾಂಸ ಹೋಗಿದೆ ಎಂದರೆ ಗಿಡುಗ. ತಲೆ ಮಾತ್ರ ಇಲ್ಲ, ಮೈ ಹಾಗೇ ಇದೆ ಎಂದರೆ ಗೂಬೆಯಿರಬಹುದು, ರಕೂನ್ ಎಂಬ, ಬೆರಳುಗಳಿಂದ ಹಿಡಿಯಬಲ್ಲ ಕಾಡುಪ್ರಾಣಿ ಇರುವ ದೇಶಗಳಲ್ಲಿ ಅದೂ ಇರಬಹುದು. ಜಾಲರಿಗೆ ಒರಗಿ ಮಲಗಿದ ಕೋಳಿಯ ಕತ್ತನ್ನು ರಕೂನ್ ಹೊರಗಿನಿಂದಲೇ ಕೈ ತೂರಿಸಿ ಎಳೆಯುತ್ತದೆ. ಕತ್ತಿನಲ್ಲಿ, ತಲೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ತೂತುಗಳಿದ್ದರೆ ಮುಂಗುಸಿ, ಅಥವಾ ವೀಸೆಲ್ ಜಾತಿಯ ಉದ್ದ ಮೈಯ ಪುಟ್ಟ ಪ್ರಾಣಿಗಳು. ರಾತ್ರಿ ಕೂತಲ್ಲೇ ಕಾಲ್ಬೆರಳು ಕಡಿಸಿಕೊಂಡ ಕೋಳಿಯನ್ನು ಕಂಡರೆ ಹೆಗ್ಗಣ.

ಮರಿಗಳದ್ದು ಬೇರೆಯೇ ಲೆಕ್ಕ. ಸುಳಿವೇ ಇಲ್ಲದೆ ದಿನಕ್ಕೊಂದು ಮಾಯವಾಗುತ್ತಿದ್ದರೆ ಹಗಲಲ್ಲಿ ಕಾಗೆ, ರಾತ್ರಿಯಲ್ಲಿ ಇಲಿ, ಹೆಗ್ಗಣ, ಹಾವು. ಒಂದು ಸಲ ಸತ್ತ ಮರಿಯೊಂದು ನನಗೆ ಸಿಕ್ಕಿತು. ಮೈಯೆಲ್ಲ ಒಣಗಿದೆ, ತಲೆ ಮತ್ತು ಭುಜ ಮಾತ್ರ ಜೊಲ್ಲಿನಲ್ಲಿ ಅದ್ದಿ ತೆಗೆದಂತೆ ಒದ್ದೆ, ಪುಕ್ಕ ಒಂದಕ್ಕೊಂದು ಅಂಟಿಕೊಂಡಿದೆ. ಗಾಯವೇ ಇಲ್ಲ. ಬಹಳ ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಹಾವು ನುಂಗಲು ಹೋಗಿ, ಭುಜದ ಬಳಿ ಹಿಡಿಸದೆ, ಉಗುಳಿ ಹೋಗಿತ್ತು. ಮೊಟ್ಟೆ ಚಿಪ್ಪೂ ಉಳಿಯದಂತೆ ಹೋಗುತ್ತಿದ್ದರೂ ಹಾವನ್ನು ಸಂಶಯಿಸಬಹುದು, ಉಡವನ್ನೂ ಸಂಶಯಿಸಬಹುದು. ಚಿಪ್ಪು ಕುಕ್ಕಿ ಒಡೆದಿದ್ದರೆ ಕಾಗೆ, ಇಲ್ಲವೇ ನಿಮ್ಮದೇ ಕೋಳಿ. ಹೌದು, ಮೊಟ್ಟೆ ತಿನ್ನುವ ಚಟ ಹತ್ತಿದ ಹೇಂಟೆಗಳಿರುತ್ತವೆ.

ಒಂದು ಎಚ್ಚರಿಕೆ. ಹೆಣದ ಮೇಲೆ ಸಿಕ್ಕಿದವನೆಲ್ಲ ಕೊಲೆಗಾರನಲ್ಲ. ಕಾಯಿಲೆಯಿಂದ ರಾತ್ರಿ ಸತ್ತ ಕೋಳಿಯನ್ನು ಬೆಳಗಿನ ಜಾವ ಹೆಗ್ಗಣ ತಿಂದಿರಬಹುದು. ಹಿಂಬದಿ ಹರಿದ ಕೋಳಿಯನ್ನು ಕುಕ್ಕಿ ಕೊಂದದ್ದು ಅದೇ ಗೂಡಿನ ಸಂಗಾತಿಗಳಾಗಿರಬಹುದು, ಇಕ್ಕಟ್ಟಾದ ಗೂಡುಗಳಲ್ಲಿ ಇದು ಅಪರೂಪವೇನಲ್ಲ. ಹಾಗಾಗಿ ನಾನು ಎರಡನೇ ಸಾಕ್ಷಿ ಕೇಳುತ್ತೇನೆ. ಸಂಜೆ ಗೂಡಿನ ಸುತ್ತ ಒಂದು ಗೇಣು ಅಗಲಕ್ಕೆ ಜರಡಿ ಹಿಡಿದ ಬೂದಿಯನ್ನೋ ನುಣುಪು ಮರಳನ್ನೋ ಹರಡಿಬಿಡಿ. ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಓದಬಹುದು. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆಗಳಿದ್ದರೆ ನಾಯಿ ಅಥವಾ ನರಿ. ನಾಲ್ಕು ಬೆರಳು, ದುಂಡು ಹೆಜ್ಜೆ, ಉಗುರಿಲ್ಲ ಎಂದರೆ ಬೆಕ್ಕಿನ ಜಾತಿ. ಐದು ಬೆರಳು ಕಂಡರೆ ಮುಂಗುಸಿ, ವೀಸೆಲ್ ಕಡೆಗೆ ನೋಡಿ. ರಕೂನಿನದು ಪುಟ್ಟ ಮಗುವಿನ ಅಂಗೈ ಒತ್ತಿದ ಹಾಗಿರುತ್ತದೆ. ಹಾವಾದರೆ ಹೆಜ್ಜೆಯೇ ಇಲ್ಲ, ಒಂದು ಗೆರೆ. ಈಗ ಚಲನೆ ಕಂಡರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದಿವೆ, ಇದ್ದರೆ ಒಳ್ಳೆಯದೇ. ನನಗೆ ಬೂದಿಯೇ ಇಷ್ಟ, ಅದಕ್ಕೆ ಚಾರ್ಜ್ ಬೇಕಿಲ್ಲ.

ನಾಯಿಯ ಗುರುತು ಕಂಡಿತೆಂದು ನೆರೆಹೊರೆಯಲ್ಲಿ ಹೇಳಿದರೆ ಏನಾಗುತ್ತದೆ ಎಂಬುದು ಅನುಭವಸ್ಥರಿಗೆ ಗೊತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಒಬ್ಬರು ಥಟ್ಟನೆ, "ನಮ್ಮದು ಅಂಥ ನಾಯಿಯಲ್ಲ" ಎಂದೇ ಎನ್ನುತ್ತಾರೆ. ಜಗಳ ಕಾಯುವುದಕ್ಕಿಂತ ಜಾಲರಿ ಬದಲಿಸುವುದು ಅಗ್ಗ. ಕೋಳಿಗಳ ಮಟ್ಟಿಗೆ ನನ್ನ ಪಟ್ಟಿಯಲ್ಲಿ ನಾಯಿಗೇ ಮೊದಲ ಸ್ಥಾನ. ನರಿಯಿಲ್ಲದ ಊರಿರಬಹುದು, ನಾಯಿಯಿಲ್ಲದ ಊರಿಲ್ಲ.

ಈಗ ಕಟ್ಟುವ ವಿಚಾರ. ನಾನು ಹೇಳುವ ಮೊದಲ ಕೆಲಸಕ್ಕೆ ಸುತ್ತಿಗೆ, ಮೊಳೆ ಬೇಡ. ಚೆನ್ನಾಗಿ ಕತ್ತಲಾದ ಮೇಲೆ, ಕೋಳಿಗಳನ್ನು ಬೇರೆಡೆ ಇಟ್ಟು, ಗೂಡಿನ ಒಳಗೆ ಒಂದು ದೊಡ್ಡ ಟಾರ್ಚ್ ಹಚ್ಚಿಟ್ಟು ಬಾಗಿಲು ಹಾಕಿ. ಹೊರಗೆ ಬಂದು, ಮಂಡಿಯೂರಿ, ನೆಲದ ಮಟ್ಟಕ್ಕೆ ತಲೆ ತಂದು ಗೂಡನ್ನು ಸುತ್ತಿ ಬನ್ನಿ. ಎಲ್ಲೆಲ್ಲಿ ಬೆಳಕು ಸೋರುತ್ತದೋ ಅದೆಲ್ಲ ದಾರಿ. ನಾನು ಹೀಗೆ ಮಾಡಿದ ದಿನ, ಎರಡು ಸುತ್ತು ಜಾಲರಿ ಬಿಗಿದ ಆ ನನ್ನ ಭದ್ರ ಗೂಡು ದೀಪದ ಗೂಡಿನ ಹಾಗೆ ಹೊಳೆಯಿತು. ಹಿಂಬದಿಯ ಹಲಗೆ ಒಣಗಿ ಬಾಗಿ ಬಿಟ್ಟ ಸಂದು. ತಗಡಿನ ಅಲೆಗಳ ಕೆಳಗೆ ಸಾಲಾಗಿ ಅರ್ಧಚಂದ್ರಗಳು. ಜಾಲರಿಗೂ ಕಂಬಕ್ಕೂ ನಡುವೆ, ನಾನೇ ಹೊಡೆದ ಯು ಮೊಳೆ ಕಿತ್ತುಬಂದ ಜಾಗ. ಹಗಲಲ್ಲಿ ಇವು ಯಾವುವೂ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ನಾನು ನಿಂತು ನೋಡುತ್ತಿದ್ದೆ. ಮುಂಗುಸಿ ನಿಂತು ನೋಡುವುದಿಲ್ಲ.

ಎಷ್ಟು ಸಣ್ಣ ಸಂದು ಮುಚ್ಚಬೇಕು? ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವವರ ಜೊತೆ ವ್ಯವಹಾರ ಇದು. ತಲೆಬುರುಡೆ ತೂರಿದರೆ ಉಳಿದ ಮೈ ಹೇಗೋ ಹಿಂದೆ ಬರುತ್ತದೆ. ಬೆಳೆದ ಇಲಿಗೆ ಸುಮಾರು 2 ಸೆಂಟಿಮೀಟರ್ ಸಾಕು, ಸಣ್ಣ ವೀಸೆಲ್‌ಗೆ ಎರಡೂವರೆ ಸೆಂಟಿಮೀಟರ್ ಧಾರಾಳ. ಚಿಂಡಿಲಿಗೆ 6 ಮಿಲಿಮೀಟರ್ ಇದ್ದರೂ ನಡೆದೀತು. ಆದ್ದರಿಂದ ಜಾಲರಿಯ ಕಣ್ಣು 12ರಿಂದ 13 ಮಿಲಿಮೀಟರ್ ಇರಲಿ, ಅಂದರೆ ಅರ್ಧ ಅಂಗುಲ. ಚೌಕಕಣ್ಣಿನ, ಪ್ರತಿ ಕೂಡಿನಲ್ಲೂ ಬೆಸುಗೆ ಹಾಕಿದ ವೆಲ್ಡ್ ಮೆಷ್ ತನ್ನಿ. ಅದರಲ್ಲಿ ಒಂದು ತಂತಿ ತುಂಡಾದರೂ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. ಮರಿಗಳಿರುವ ಭಾಗಕ್ಕೆ ಇನ್ನೂ ಸಣ್ಣ ಕಣ್ಣಿನದು ಉತ್ತಮ. ಜಾಲರಿಯನ್ನು ಯು ಮೊಳೆಯಿಂದ ಕಂಬಕ್ಕೆ ಹೊಡೆದರೆ ನಾಯಿಯ ಎರಡು ಎಳೆತಕ್ಕೆ ಅದು ಕಿತ್ತು ಬರುತ್ತದೆ. ಅಗಲವಾದ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ, ಅಥವಾ ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಪಟ್ಟಿಯ ಮೇಲೆ ಸ್ಕ್ರೂ ಹಾಕಿ.

ಹಾಗೆಂದು ಗೂಡನ್ನು ಡಬ್ಬಿಯ ಹಾಗೆ ಮುಚ್ಚಿಬಿಡಬೇಡಿ. ಹಿಕ್ಕೆಯಿಂದ ಏಳುವ ಅಮೋನಿಯಾ ಮತ್ತು ಉಸಿರಿನ ತೇವ ಹೊರಗೆ ಹೋಗದಿದ್ದರೆ ಕೋಳಿ ಉಸಿರಾಟದ ಕಾಯಿಲೆಯಿಂದ ಸಾಯುತ್ತದೆ, ನರಿಯ ಕೆಲಸ ಉಳಿಯುತ್ತದೆ ಅಷ್ಟೆ. ಕೋಳಿ ಕೂರುವ ಎತ್ತರಕ್ಕಿಂತ ಮೇಲೆ, ಎದುರು ಬದುರು ಗಾಳಿಕಿಂಡಿಗಳಿರಲಿ, ಅವುಗಳಿಗೂ ಅದೇ ವೆಲ್ಡ್ ಮೆಷ್ ಇರಲಿ.

ನೆಲದ ವಿಷಯ. ನರಿ, ನಾಯಿ ಎರಡೂ ಬಗೆಯುವ ಪ್ರಾಣಿಗಳು. ಗೋಡೆಯುದ್ದಕ್ಕೂ ಆಳವಾಗಿ ಅಗೆದು ಜಾಲರಿ ಹೂಳುವುದು ಒಂದು ದಾರಿ, ಬೆನ್ನು ಮುರಿಯುವ ದಾರಿ. ಅದಕ್ಕಿಂತ ಜಾಲರಿಯನ್ನು ಗೋಡೆಯ ಬುಡದಿಂದ ಹೊರಕ್ಕೆ, 45ರಿಂದ 60 ಸೆಂಟಿಮೀಟರ್ ಅಗಲಕ್ಕೆ, ನೆಲದ ಮೇಲೆ ಸೆರಗಿನ ಹಾಗೆ ಹಾಸಿ, ಗೂಟ ಹೊಡೆದು, ಮೇಲೆ ಎರಡು ಬೆರಳು ಮಣ್ಣು ಎಳೆಯಿರಿ. ಬಗೆಯುವ ಪ್ರಾಣಿ ಯಾವಾಗಲೂ ಗೋಡೆಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ. ಉಗುರಿಗೆ ತಂತಿ ಸಿಕ್ಕುತ್ತದೆ, ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲೇ ಕೆರೆಯುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ಸುರಂಗ ತೋಡೋಣ ಎಂಬ ಯೋಚನೆ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಹುಲ್ಲು ಬೆಳೆದ ಮೇಲೆ ಈ ಸೆರಗು ನಿಮಗೂ ಕಾಣುವುದಿಲ್ಲ.

ಬಾಗಿಲಿನ ಚಿಲಕ ಒಂದೇ ಚಲನೆಗೆ ತೆರೆಯುವಂತಿರಬಾರದು. ಎತ್ತಿ, ಆಮೇಲೆ ಎಳೆಯಬೇಕಾದ ಚಿಲಕ, ಅಥವಾ ಚಿಲಕಕ್ಕೊಂದು ಸ್ಪ್ರಿಂಗ್ ಕೊಂಡಿ. ರಕೂನಿನ ಬೆರಳುಗಳು ಸಾದಾ ಕೊಂಡಿಯನ್ನು ತೆಗೆಯುತ್ತವೆ, ನಾಯಿ ಮೂತಿಯಿಂದ ಎತ್ತುತ್ತದೆ. ಈಗ ಸಂಜೆಯ ಬೆಳಕು ನೋಡಿ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳಿವೆ. ನಾನೂ ಒಂದು ಹಾಕಿಸಿದೆ, ಮೆಚ್ಚಿಕೊಂಡೆ. ಒಂದು ಸಂಜೆ ಬಾಗಿಲು ಸರಿಯಾದ ಹೊತ್ತಿಗೇ ಮುಚ್ಚಿತು, ಎಲ್ಲಿಯೋ ಹುಳ ಕೆದಕುತ್ತಿದ್ದ ಒಂದು ಹೇಂಟೆ ಎರಡು ನಿಮಿಷ ತಡವಾಗಿ ಬಂತು. ಬಾಗಿಲ ಮುಂದಿನ ಮೆಟ್ಟಿಲಿನ ಮೇಲೆ, ಹಲಗೆಗೆ ಎದೆಯೊತ್ತಿ ಮಲಗಿತು. ಬೆಳಿಗ್ಗೆ ಅಲ್ಲಿ ನಾಲ್ಕು ಪುಕ್ಕಗಳಿದ್ದವು. ಯಂತ್ರಕ್ಕೆ ಮುಚ್ಚಲು ಬರುತ್ತದೆ, ಎಣಿಸಲು ಬರುವುದಿಲ್ಲ. ಅಂದಿನಿಂದ ಬಾಗಿಲು ಯಾರೇ ಮುಚ್ಚಲಿ, ಎಣಿಸುವುದು ನಾನೇ.

ವಿದ್ಯುತ್ ಬೇಲಿಯ ಬಗ್ಗೆ ಎರಡು ಮಾತು. ಕೋಳಿಗೆಂದೇ ಬರುವ, ಸುಮಾರು ಎದೆಯೆತ್ತರದ ವಿದ್ಯುತ್ ಬಲೆಗಳು ನರಿ, ನಾಯಿಗಳ ವಿರುದ್ಧ ಚೆನ್ನಾಗಿ ಕೆಲಸ ಮಾಡುತ್ತವೆ. ಸಾವಿರಾರು ವೋಲ್ಟ್ ಇದ್ದರೂ ಅದು ಸೆಕೆಂಡಿಗೊಮ್ಮೆ ಬರುವ ಕ್ಷಣಮಾತ್ರದ ತಟ್ಟು, ಪ್ರಾಣಿ ಒದ್ದೆ ಮೂಗಿನಿಂದ ಮೂಸಿದರೆ ಪಾಠ ಕಲಿಯುತ್ತದೆ. ಹುಲ್ಲು ಬೆಳೆದು ತಂತಿಗೆ ತಗುಲಿದರೆ ತಟ್ಟಿನ ಬಲ ಸೋರಿಹೋಗುತ್ತದೆ, ನೆಲ ತೀರಾ ಒಣಗಿದ್ದರೂ ಪೆಟ್ಟು ಮೆತ್ತಗಾಗುತ್ತದೆ. ಇದಕ್ಕೆಂದೇ ಮಾಡಿದ ಯಂತ್ರದಿಂದ ಮಾತ್ರ ಬೇಲಿಗೆ ವಿದ್ಯುತ್ ಕೊಡಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಹರಿಸುವುದು ಬೇಲಿಯಲ್ಲ, ಕೊಲೆ. ಸಾಯುವುದು ನರಿಯೇ ಆಗಬೇಕೆಂದಿಲ್ಲ, ಚೆಂಡು ಹುಡುಕಿಕೊಂಡು ಬಂದ ಮಗುವಾಗಬಹುದು.

ಹಗಲಿನ ಶತ್ರು ಆಕಾಶದಿಂದ ಬರುತ್ತದೆ, ಅದಕ್ಕೆ ಕೋಳಿಗಳಲ್ಲೇ ಒಂದು ಕಾವಲು ವ್ಯವಸ್ಥೆ ಇದೆ. ಗಮನವಿಟ್ಟು ಕೇಳಿದವರಿಗೆ ಗೊತ್ತಿರುತ್ತದೆ, ಹುಂಜದ ಎಚ್ಚರಿಕೆಯ ಕೂಗು ಎರಡು ಬಗೆ. ನೆಲದ ಮೇಲೆ ನಾಯಿಯೋ ಬೆಕ್ಕೋ ಕಂಡರೆ ಕೊಕ್ ಕೊಕ್ ಕೊಕ್ ಎಂದು ಕಡಿದು ಕಡಿದು ಕೂಗುತ್ತದೆ. ಆಕಾಶದಲ್ಲಿ ಗಿಡುಗ ಕಂಡರೆ ಎಳೆದ, ತೆಳುವಾದ, ಎಲ್ಲಿಂದ ಬಂತೆಂದು ಗೊತ್ತಾಗದ ಒಂದು ಚೀರು. ಪ್ರಾಣಿಗಳ ಕೂಗನ್ನು ಅಭ್ಯಾಸ ಮಾಡಿದ ವಿಜ್ಞಾನಿ ಪೀಟರ್ ಮಾರ್ಲರ್ ಮತ್ತು ಅವರ ಸಂಗಡಿಗರು 1980ರ ಮತ್ತು 90ರ ದಶಕಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಧ್ವನಿಮುದ್ರಿಸಿದ ಕೂಗನ್ನಷ್ಟೇ ಕೇಳಿಸಿದಾಗ, ಗಿಡುಗದ ಕೂಗಿಗೆ ಹೇಂಟೆಗಳು ಮುದುರಿ, ಮರೆಗೆ ಓಡಿ, ಮೇಲೆ ನೋಡಿದವು. ನೆಲದ ಶತ್ರುವಿನ ಕೂಗಿಗೆ ಕತ್ತೆತ್ತಿ ನೆಟ್ಟಗೆ ನಿಂತು ಸುತ್ತ ನೋಡಿದವು. ಇನ್ನೊಂದು ಸೊಗಸಾದ ಸಂಗತಿಯೂ ಗೊತ್ತಾಯಿತು. ಒಂಟಿಯಾಗಿರುವ ಹುಂಜ ಗಿಡುಗವನ್ನು ಕಂಡರೂ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಕೇಳಿಸಿಕೊಳ್ಳಲು ಹೇಂಟೆಯಿದ್ದಾಗ ಕೂಗುತ್ತದೆ.

ಆದರೆ ಕೂಗು ಕೇಳಿದ ಕೋಳಿಗೆ ಓಡಿಹೋಗಲು ಒಂದು ಮರೆ ಬೇಕಲ್ಲ? ಬೋಳು ಅಂಗಳದಲ್ಲಿ ಬಿಟ್ಟ ಕೋಳಿಗೆ ಎಚ್ಚರಿಕೆಯಿಂದ ಏನೂ ಪ್ರಯೋಜನವಿಲ್ಲ. ಹತ್ತು ಹೆಜ್ಜೆಗೊಂದರಂತೆ ಪೊದೆ, ಕವುಚಿದ ಪೆಟ್ಟಿಗೆ, ಓರೆಯಾಗಿ ನಿಲ್ಲಿಸಿದ ಹಲಗೆ, ಏನಾದರೂ ಇರಲಿ. ಪೂರ್ತಿ ಸುರಕ್ಷತೆ ಬೇಕೆಂದರೆ ಮೇಲೂ ಬಲೆ ಹಾಕಬೇಕು. ಸಣ್ಣ ಅಂಗಳಕ್ಕೆ ಗಟ್ಟಿ ಛಾವಣಿಯೇ ಉತ್ತಮ, ಕಾಡುಹಕ್ಕಿಗಳ ಹಿಕ್ಕೆ ಒಳಗೆ ಬಿದ್ದು ಹಕ್ಕಿಜ್ವರ ಹರಡುವ ಅಪಾಯವನ್ನೂ ಅದು ತಗ್ಗಿಸುತ್ತದೆ. ಪ್ಲಾಸ್ಟಿಕ್ ಬಲೆಯನ್ನು ಮಾತ್ರ ನೆಲದವರೆಗೆ ಇಳಿಬಿಡಬೇಡಿ, ಹಾವುಗಳು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ.

ಹೊಳೆಯುವ ಸಿಡಿ, ಬೆದರುಬೊಂಬೆ, ಪ್ಲಾಸ್ಟಿಕ್ ಗೂಬೆ ಇವೆಲ್ಲ ಹೇಗೆ ಎಂದು ಕೇಳುತ್ತೀರಿ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎಂಬಂತೆ. ಮೊದಲ ವಾರ ಗಿಡುಗ ಅನುಮಾನಿಸುತ್ತದೆ, ಮೂರನೇ ವಾರ ಆ ಪ್ಲಾಸ್ಟಿಕ್ ಗೂಬೆಯ ತಲೆಯ ಮೇಲೆಯೇ ಕೂರುತ್ತದೆ. ಹಕ್ಕಿಗಳು ಹೆದರುವುದು ಬಹುಪಾಲು ಅಪರಿಚಿತಕ್ಕೆ. ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ವುಲ್ಫ್‌ಗ್ಯಾಂಗ್ ಷ್ಲೈಟ್ 1961ರಲ್ಲಿ ಟರ್ಕಿ ಕೋಳಿಗಳ ಮೇಲೆ ಬಗೆಬಗೆಯ ಆಕಾರಗಳನ್ನು ಹಾರಿಸಿ ತೋರಿಸಿದ್ದು ಇದನ್ನೇ. ಪದೇ ಪದೇ ಕಂಡ ಆಕಾರಕ್ಕೆ ಅವು ಹೊಂದಿಕೊಂಡವು, ಅಪರೂಪಕ್ಕೆ ಬಂದ ಆಕಾರಕ್ಕೆ ಬೆದರಿದವು. ಬೇಟೆಗಾರ ಹಕ್ಕಿಗೂ ಇದೇ ಮಾತು. ತೂಗುಹಾಕಿದ್ದನ್ನು ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸುವ ತಾಳ್ಮೆಯಿದ್ದರೆ ಹಾಕಿ. ರಾತ್ರಿ ಮಿನುಗುವ ದೀಪಗಳದ್ದೂ ಇದೇ ಕಥೆ.

ಇಲಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮೊಟ್ಟೆಯಿಡುವ ಒಂದು ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ನಾವು ಹಾಕುವುದು ಅದಕ್ಕಿಂತ ಒಂದು ಹಿಡಿ ಹೆಚ್ಚು. ಆ ಹಿಡಿ ರಾತ್ರಿ ಇಲಿಯ ಪಾಲು. ಇಲಿ ಬಂದಲ್ಲಿಗೆ ಹಾವು ಬರುತ್ತದೆ, ಮುಂಗುಸಿ ಬರುತ್ತದೆ, ಗೂಬೆ ಬರುತ್ತದೆ. ಇಲಿಗೆಂದು ಬಂದ ಅತಿಥಿಗಳಿಗೆ ಕೋಳಿಮರಿಯೂ ಕಾಣುತ್ತದೆ. ಸಂಜೆ ಆಹಾರದ ತಟ್ಟೆ ಎತ್ತಿಡುವುದು, ಚೀಲವನ್ನು ಬಿಟ್ಟು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕಾಳು ಇಡುವುದು, ಮೊಟ್ಟೆಯನ್ನು ಅಂದಂದೇ ತೆಗೆಯುವುದು. ಬೇಲಿಗೆ ಖರ್ಚು ಮಾಡುವ ಮೊದಲು ಈ ಮೂರನ್ನು ಮಾಡಿ. ಇಲಿಗೆ ವಿಷ ಹಾಕಬೇಡಿ. ವಿಷ ತಿಂದು ತೂರಾಡುವ ಇಲಿಯನ್ನು ಗೂಬೆ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ, ಕೋಳಿಯೂ ಕುಕ್ಕುತ್ತದೆ.

ಕಾವಲುಗಾರರ ವಿಚಾರ. ಹುಂಜ ಕೂಗಿ ಎಚ್ಚರಿಸುತ್ತದೆ, ಸಾಯುವವರೆಗೂ ಕಾದಾಡುತ್ತದೆ, ನಾಯಿಯೆದುರು ಸಾಯುತ್ತದೆ. ಗಿನಿಕೋಳಿ ಗದ್ದಲದಲ್ಲಿ ನಿಸ್ಸೀಮ, ನಿಮ್ಮ ನಿದ್ದೆಗೂ ಅದೇ ಗತಿ. ನಿಜವಾದ ಕಾವಲು ಎಂದರೆ ಹಿಂಡು ಕಾಯಲೆಂದೇ ತಲೆತಲಾಂತರದಿಂದ ಬೆಳೆಸಿದ ನಾಯಿಗಳು. ಇಟಲಿಯ ಮರೆಮ್ಮಾ ತಳಿಯ ಕಥೆ ಕೇಳಿರಬಹುದು. ಆಸ್ಟ್ರೇಲಿಯಾದ ವಾರ್ನಂಬೂಲ್ ಬಳಿಯ ಮಿಡಲ್ ದ್ವೀಪದಲ್ಲಿ ಪುಟ್ಟ ಪೆಂಗ್ವಿನ್‌ಗಳ ಒಂದು ಬೀಡಿದೆ. ಸಮುದ್ರ ಇಳಿದಾಗ ನೀರು ದಾಟಿ ಬರುವ ನರಿಗಳು ನೂರಾರು ಪೆಂಗ್ವಿನ್‌ಗಳಿದ್ದ ಬೀಡನ್ನು ಹತ್ತಕ್ಕೂ ಕಡಿಮೆಗೆ ಇಳಿಸಿದ್ದವು. ಅಲ್ಲಿನ ಕೋಳಿ ಸಾಕುವ ರೈತರೊಬ್ಬರು, ನನ್ನ ಕೋಳಿಗಳನ್ನು ಮರೆಮ್ಮಾ ನಾಯಿಗಳು ಕಾಯುತ್ತವೆ, ಪೆಂಗ್ವಿನ್‌ಗಳನ್ನು ಏಕೆ ಕಾಯಬಾರದು ಎಂದರು. 2006ರಲ್ಲಿ ನಾಯಿಗಳನ್ನು ದ್ವೀಪಕ್ಕೆ ಬಿಟ್ಟರು, ಪೆಂಗ್ವಿನ್ ಸಂಖ್ಯೆ ಮತ್ತೆ ಏರಿತು. 2017ರಲ್ಲಿ ಸಮುದ್ರ ಕೆಟ್ಟು ನಾಯಿಗಳು ದ್ವೀಪದಲ್ಲಿಲ್ಲದ ಹೊತ್ತಿನಲ್ಲಿ ನರಿ ಮತ್ತೆ ದಾಟಿ ಬಂದು ಕೊಂದಿತು. ನನಗೆ ಈ ಕಥೆಯಲ್ಲಿ ನಾಯಿಗಿಂತ ನರಿಯೇ ಹೆಚ್ಚು ನೆನಪಿನಲ್ಲಿ ಉಳಿದಿದೆ. ಹನ್ನೊಂದು ವರ್ಷ ಕಾವಲಿತ್ತು, ಅಷ್ಟೂ ವರ್ಷ ನರಿ ಆಚೆ ದಡದಲ್ಲಿಯೇ ಇತ್ತು. ನಾಲ್ಕೈದು ಕೋಳಿ ಸಾಕುವವರಿಗೆ ಅಂಥ ನಾಯಿ ಅತಿಯಾಯಿತು. ಅದಕ್ಕೆ ಓಡಾಡಲು ಜಾಗ ಬೇಕು, ಮರಿಯಿಂದಲೇ ಕೋಳಿಗಳ ನಡುವೆ ಪಳಗಿಸಬೇಕು.

ಬೋನು, ಕೊಲ್ಲುವುದು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ನರಿಯನ್ನು ತೆಗೆದರೆ ಖಾಲಿಯಾದ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಗೂಡಿನ ತೂತು ಮಾತ್ರ ಹಾಗೇ ಇರುತ್ತದೆ. ಗಿಡುಗ, ಹದ್ದು, ಮುಂಗುಸಿಯಂಥ ಪ್ರಾಣಿಗಳನ್ನು ಹಿಡಿಯುವುದು, ಕೊಲ್ಲುವುದು ಎಷ್ಟೋ ದೇಶಗಳಲ್ಲಿ ಕಾನೂನಿನ ಪ್ರಕಾರ ಅಪರಾಧ.

ಆಗ ಹೇಳುತ್ತೇನೆ ಎಂದಿದ್ದೆನಲ್ಲ, ಎರಡು ಸುತ್ತು ಜಾಲರಿ ಬಿಗಿದ ಕಥೆ. ಹೊಸದಾಗಿ ತಂದ ಕೋಳಿಗಳನ್ನು ಬೂದು ಹೇಂಟೆಯ ಜೊತೆಗೆ ಅದೇ ಗೂಡಿಗೆ ಬಿಟ್ಟೆ. ಒಂಬತ್ತನೇ ರಾತ್ರಿ ನಾಯಿಗಳು ಮತ್ತೆ ಬಂದವು. ಈ ಸಲ ಜಾಲರಿಯ ಗೊಡವೆಗೇ ಹೋಗಲಿಲ್ಲ, ಬಾಗಿಲ ಕೆಳಗಿನ ಮೂರು ಬೆರಳಿನ ಜಾಗವನ್ನು ಕೆರೆದು ದೊಡ್ಡದು ಮಾಡಿದವು. ಸದ್ದಿಗೆ ಎಚ್ಚರವಾಗಿ ಓಡಿದ್ದರಿಂದ ಎರಡು ಕೋಳಿಗಳಲ್ಲಿ ಮುಗಿಯಿತು. ಟಾರ್ಚ್ ಪರೀಕ್ಷೆ ಮಾಡಿದ್ದು ಅದರ ಮರುದಿನ. ಒಮ್ಮೆ ಗೆದ್ದ ಪ್ರಾಣಿ ಮತ್ತೆ ಬಂದೇ ಬರುತ್ತದೆ, ಬಹಳ ಸಲ ಮರುರಾತ್ರಿಯೇ. ಆದ್ದರಿಂದ ದಾಳಿಯಾದ ದಿನ ಉಳಿದ ಕೋಳಿಗಳನ್ನು ಅದೇ ಗೂಡಿನಲ್ಲಿ ಮಲಗಿಸಬೇಡಿ. ಬಚ್ಚಲು, ಉಗ್ರಾಣ, ಗಟ್ಟಿ ಪೆಟ್ಟಿಗೆ, ಯಾವುದಾದರೂ ಸರಿ. ಸತ್ತವನ್ನು ಆಳವಾಗಿ ಹೂಳಿ. ಗಾಯವಾದದ್ದನ್ನು ಉಪ್ಪುನೀರಿನಲ್ಲಿ ತೊಳೆದು, ನೊಣ ಕೂರದಂತೆ, ಬೇರೆಯಾಗಿ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕುತ್ತವೆ. ಕೆಲವು ವಾರ ಮೊಟ್ಟೆ ನಿಲ್ಲಬಹುದು, ಅದಕ್ಕೆ ಔಷಧವಿಲ್ಲ.

ಪ್ರಶ್ನೆ: ಕಾವಿಗೆ ಕೂತ ಹೇಂಟೆ ಪೊದೆಯಲ್ಲಿ ಕದ್ದು ಗೂಡು ಮಾಡಿಕೊಂಡಿದೆ. ಎಬ್ಬಿಸಿದರೆ ಕಾವು ಕೆಡುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಅಲ್ಲಿಯೇ ಬಿಟ್ಟರೆ ಮೊಟ್ಟೆಯ ಜೊತೆ ಹೇಂಟೆಯೂ ಹೋಗುವ ಸಂಭವವೇ ಹೆಚ್ಚು. 21 ದಿನ ಒಂದೇ ಜಾಗದಲ್ಲಿ, ನೆಲದ ಮೇಲೆ ಕೂರುವ ಹಕ್ಕಿ ಅದು. ಅದನ್ನು ಸರಿಸುವುದಾದರೆ ರಾತ್ರಿಯೇ ಸರಿಸಿ. ಕತ್ತಲಲ್ಲಿ ಹೇಂಟೆಯನ್ನೂ ಮೊಟ್ಟೆಗಳನ್ನೂ ಹುಲ್ಲಿನ ಸಮೇತ ಒಂದು ಭದ್ರ ಪೆಟ್ಟಿಗೆಗೆ ವರ್ಗಾಯಿಸಿ, ಮುಚ್ಚಿ, ಮರುದಿನ ಸಂಜೆಯವರೆಗೂ ಇಣುಕಬೇಡಿ. ಹಲವು ಹೇಂಟೆಗಳು ಒಪ್ಪಿಕೊಳ್ಳುತ್ತವೆ. ಸರಿಸಲು ಮನಸ್ಸಿಲ್ಲದಿದ್ದರೆ ವೆಲ್ಡ್ ಮೆಷ್‌ನಿಂದ ಮಾಡಿದ, ತಳಕ್ಕೂ ಜಾಲರಿಯಿರುವ ಪಂಜರವನ್ನೇ ಅಲ್ಲಿಗೆ ಒಯ್ದು ಅದರ ಸುತ್ತ ಕಟ್ಟಿ. ಮರಿಗಳಾದ ಮೇಲೆ ಐದಾರು ವಾರ, ಪುಕ್ಕ ಪೂರ್ತಿ ಬರುವವರೆಗೆ, ರಾತ್ರಿ ತಾಯಿಯೂ ಮರಿಗಳೂ ಅಲ್ಲಿಯೇ ಇರಲಿ.

ಪ್ರಶ್ನೆ: ನಮ್ಮವು ಗೂಡಿಗೇ ಬರುವುದಿಲ್ಲ, ಮರ ಹತ್ತಿ ಕೂರುತ್ತವೆ. ಕಾಡುಕೋಳಿಯೂ ಹಾಗೇ ಮಾಡುತ್ತದೆ ಎಂದು ನೀವೇ ಹೇಳಿದಿರಿ. ಹಾಗೆ ಬಿಡಬಹುದಲ್ಲವೇ?

ಮರದ ಮೇಲೆ ನಾಯಿಗೆ ಸಿಗುವುದಿಲ್ಲ, ಗೂಬೆಗೆ, ಬೆಕ್ಕಿಗೆ, ಹಾವಿಗೆ ಸಿಗುತ್ತದೆ. ಬೆಳಗಿನ ಜಾವ ಮಬ್ಬಿನಲ್ಲಿ ಎಲ್ಲರಿಗಿಂತ ಮೊದಲು ನೆಲಕ್ಕಿಳಿಯುವುದೂ ಅದೇ, ನರಿ ಮನೆಗೆ ಮರಳುವ ಹೊತ್ತೂ ಅದೇ. ಸಂಜೆಯ ಕಾಳನ್ನು ಗೂಡಿನೊಳಗೆ ಮಾತ್ರ ಹಾಕಿ. ಒಳಗಿನ ಕೋಲನ್ನು ಹೊರಗೆ ಅವು ಹತ್ತುವ ಯಾವುದಕ್ಕಿಂತಲೂ ಎತ್ತರ ಮಾಡಲು ಆಗುವುದಿಲ್ಲ ನಿಜ, ಆದರೆ ಗೂಡಿನೊಳಗಿನ ಬೇರೆಲ್ಲದಕ್ಕಿಂತ ಎತ್ತರ ಇಡಿ. ಕೈಗೆಟಕುವ ಕೊಂಬೆಯಲ್ಲಿದ್ದರೆ ಕತ್ತಲಾದ ಮೇಲೆ ಒಂದೊಂದಾಗಿ ಇಳಿಸಿ ಒಳಗೆ ಕೂರಿಸಿ, ಒಂದು ವಾರ ಹಗಲಲ್ಲೂ ಹೊರಗೆ ಬಿಡಬೇಡಿ. ಎಂಟನೇ ಸಂಜೆ ಬಾಗಿಲ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಹೆಚ್ಚಿನವು ಬರುತ್ತವೆ. ಒಂದು ಮಾತ್ರ ಬಾಗಿಲವರೆಗೆ ಬಂದು, ಒಮ್ಮೆ ಒಳಗೆ ನೋಡಿ, ಒಮ್ಮೆ ಮರ ನೋಡಿ, ಅಲ್ಲಿಯೇ ನಿಂತಿರುತ್ತದೆ. ಅದನ್ನು ಎತ್ತಿ ಒಳಗಿಟ್ಟು, ಎಣಿಸಿ, ಚಿಲಕ ಹಾಕಿ.